ಬಸ್ಸಿಗೆ ಕೊಟ್ಟ ಕವರು

ನವೆಂಬರಿನ ಒಂದು ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಂದು ಕವರನ್ನು ತೀರ್ಥಹಳ್ಳಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಆಮೇಲೆ ಬರೆದುಕೊಟ್ಟ ವಿವರಣಾ ಪತ್ರದಲ್ಲಿ ಅದನ್ನು ನಮೂದಿಸಬೇಕಾಯಿತು. ಬಸ್ಸು ಬಿಡುವುದು ಎರಡೂಕಾಲಿಗೆ. ಇಂಜಿನ್ ಚಾಲೂ ಆಗಿತ್ತು. "ತೀರ್ಥಹಳ್ಳಿ ಸ್ಟ್ಯಾಂಡಿಗೆ ಶಾರದಾ ಅಂತ ಒಬ್ರು ಬರ್ತಾರೆ, ಕೊಟ್ಬಿಡಿ" ಎಂದೆ. ಕಂಡಕ್ಟರ್ ಕವರನ್ನು ಮುಂದಿನ ಗಾಜಿನ ಹತ್ತಿರ, ಯಾರದೋ ಟಿಫಿನ್ ಕ್ಯಾರಿಯರಿಗೂ ಇನ್ಯಾರದೋ ಕರಿಬೇವಿನ ಕಟ್ಟಿಗೂ ನಡುವೆ ಸಿಕ್ಕಿಸಿದ. "ನಮ್ಮೋರೇ ಅಲ್ವಾ ಮೇಡಂ, ಹೋಗಿ ನೀವು" ಎಂದ.

ಕವರಿನೊಳಗೆ ಹದಿನಾರು ವರ್ಷದ ಒಬ್ಬ ಹುಡುಗಿಯ ಹೆಸರು, ಊರು, ಮತ್ತು ಅವಳು ಮೂರು ವಾರಗಳಲ್ಲಿ ಅಳುತ್ತಾ ನನಗೆ ಹೇಳಿದ ಮಾತುಗಳಿದ್ದವು. ಇಲ್ಲಿ ಅವಳನ್ನು ಚೈತ್ರ ಎಂದು ಕರೆಯುತ್ತೇನೆ. ನಿಜವಾದ ಹೆಸರನ್ನು ಒಮ್ಮೆ ಬರೆದು ಬಸ್ಸಿಗೆ ಕೊಟ್ಟವಳು ನಾನು. ಎರಡನೆಯ ಸಲ ಬರೆಯುವುದಿಲ್ಲ.

ಹೋದ ತಿಂಗಳು ಮತ್ತೆ ಆ ದಾರಿಯಲ್ಲಿ ಪ್ರಯಾಣ ಮಾಡಬೇಕಾಯಿತು. ರಿಪ್ಪನ್‌ಪೇಟೆಯಲ್ಲಿ ಬಸ್ಸು ನಿಂತಾಗ ಒಬ್ಬ ಅಜ್ಜಿ ಕಿಟಕಿಯಿಂದ ನನ್ನ ಮಡಿಲಿಗೆ ಒಂದು ಬಟ್ಟೆಯ ಚೀಲ ಇಟ್ಟರು. ಮಿಡಿ ಉಪ್ಪಿನಕಾಯಿಯ ವಾಸನೆ ಘಮ್ಮೆಂದು ಹರಡಿತು. "ಕೋಣಂದೂರಲ್ಲಿ ನನ್ ಮೊಮ್ಮಗ ನಿಂತಿರ್ತಾನೆ, ಕೊಟ್ಬಿಡು ಮಗಾ." "ಇಲ್ಲ ಅಜ್ಜಿ, ನಂಗಾಗಲ್ಲ" ಎಂದು ಚೀಲವನ್ನು ಹಿಂದಕ್ಕೆ ಕೊಟ್ಟೆ. ಅಜ್ಜಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಎಂತಾ ಜನವೋ! ಉಪ್ಪಿನಕಾಯಿ ಮಾರಾಯ್ತಿ, ಬಾಂಬಲ್ಲ" ಎಂದು ಹಿಂದಿನ ಸೀಟಿನ ಕಿಟಕಿಗೆ ಹೋದರು. ಹಿಂದಿನ ಸೀಟಿನವರು ಮಾತಿಲ್ಲದೆ ತೆಗೆದುಕೊಂಡರು. ಕೋಣಂದೂರು ಬರುವವರೆಗೂ ಆ ವಾಸನೆ ಬಸ್ಸಿನಲ್ಲೇ ಇತ್ತು. ನಾನು ಕಣ್ಣು ಮುಚ್ಚಿಕೊಂಡು ಆ ವರ್ಷದ ನವೆಂಬರನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದೆ.

ನಮ್ಮ ಕಡೆ ಬಸ್ಸಿಗೆ ಕೊಟ್ಟು ಕಳಿಸದ ವಸ್ತುವಿಲ್ಲ. ಮಾತ್ರೆ, ಕನ್ನಡಕ, ಮದುವೆ ಕರೆಯೋಲೆ, ಪಂಪಿನ ವಾಷರ್, ಒಮ್ಮೆ ನಾನೇ ನೋಡಿದ ಹಾಗೆ ಒಂದು ಜೊತೆ ಮೊಲದ ಮರಿ. ರಸೀದಿಯಿಲ್ಲ, ವಿಳಾಸವಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನಾನು ಹಾಲ್ ಟಿಕೆಟ್ ಮನೆಯಲ್ಲೇ ಮರೆತು ಹೋಗಿದ್ದೆ. ಅಪ್ಪ ಅದನ್ನು ಬಸ್ಸಿಗೆ ಕೊಟ್ಟರು. ಮೊದಲ ಗಂಟೆ ಹೊಡೆಯುವ ಮುಂಚೆ ಕಂಡಕ್ಟರೇ ಶಾಲೆಯ ಗೇಟಿಗೆ ಓಡಿಬಂದು ತಲುಪಿಸಿದ್ದ. ಅಂಥ ಊರುಗಳಲ್ಲಿ ಬೆಳೆದವಳಿಗೆ ಬಸ್ಸಿನ ಮೇಲೆ ಅನುಮಾನ ಬರುವುದಾದರೂ ಹೇಗೆ?

ಆಗ ನಾನು ಎಂಎಸ್‌ಡಬ್ಲ್ಯೂ ಮುಗಿಸಿ, ಮಕ್ಕಳ ರಕ್ಷಣೆಗೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ತಾಲ್ಲೂಕಿಗೆ ನಾನೊಬ್ಬಳು ಮತ್ತು ಒಂದು ಹಳೇ ಸ್ಕೂಟರು. ಶಾಲೆ ಬಿಟ್ಟವರ ಪಟ್ಟಿ ಮಾಡಿ ಅವರ ಮನೆಗಳಿಗೆ ಹೋಗುವುದು, ಪಂಚಾಯಿತಿಗಳ ಮಕ್ಕಳ ರಕ್ಷಣಾ ಸಮಿತಿಗಳನ್ನು ಸಭೆಗೆ ಎಬ್ಬಿಸುವುದು, ಠಾಣೆಗೂ ಕಾಲೇಜಿಗೂ ನಡುವೆ ಓಡಾಡುವುದು ನನ್ನ ಕೆಲಸ. ಒಂದೆರಡು ವರ್ಷಗಳಿಂದ ಇನ್ನೊಂದು ಸೇರಿಕೊಂಡಿತ್ತು. ಗಾಂಜಾ ಮತ್ತು ನಶೆಯ ಮಾತ್ರೆ ಸಾಗಿಸುವ ಗುಂಪುಗಳು ಪಿಯುಸಿ ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದವು. ಯೂನಿಫಾರ್ಮಿನ ಮಕ್ಕಳ ಚೀಲವನ್ನು ಯಾರೂ ತಡವುವುದಿಲ್ಲ, ಅದರಲ್ಲೂ ಹುಡುಗಿಯರದನ್ನು.

ಚೈತ್ರಳ ವಿಷಯ ನನಗೆ ಗೊತ್ತಾದದ್ದು ಅವಳ ತಾಯಿ ಗಿರಿಜಕ್ಕನಿಂದ. ರಿಪ್ಪನ್‌ಪೇಟೆಯ ಆಚೆ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ನಾನು ಅಲ್ಲಿ ಮಕ್ಕಳಿಗೆ ಏನೋ ಮಾತಾಡಿ ಊಟಕ್ಕೆ ಕೂತಿದ್ದಾಗ ಸಾರಿನ ಸೌಟು ಹಿಡಿದುಕೊಂಡೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಮೇಡಂ, ಒಂದು ಕೇಳ್ಲಾ? ಬೈಬೇಡಿ. ನನ್ ಮಗಳ ಬ್ಯಾಗು ಸಂಜೆ ಬರುವಾಗ ಭಾರ ಇರ್ತದೆ. ಬೆಳಿಗ್ಗೆ ಹೋಗುವಾಗ್ಲೂ ಭಾರ ಇರ್ತದೆ."

"ಪುಸ್ತಕ ಇರ್ತವಲ್ಲ ಗಿರಿಜಕ್ಕ."

"ಪುಸ್ತಕ ಎಲ್ಲ ಮನೇಲೇ ಗೂಡಲ್ಲಿದಾವೆ" ಎಂದರು. "ನಾನು ಓದಿದೋಳಲ್ಲ, ಆದ್ರೆ ಎಣಿಸೋಕೆ ಬರ್ತದೆ. ರಾತ್ರಿ ಆ ಬ್ಯಾಗನ್ನೇ ತಲೆ ಕೆಳಗೆ ಇಟ್ಕೊಂಡು ಮಲಗ್ತಾಳೆ. ಮುಟ್ಟೋಕೆ ಹೋದ್ರೆ ಕಚ್ಚೋಕೆ ಬರ್ತಾಳೆ."

ಚೈತ್ರ ದಿನಾ ಬೆಳಿಗ್ಗೆ ರಿಪ್ಪನ್‌ಪೇಟೆಯಿಂದ ಕೋಣಂದೂರು ದಾಟಿ ತೀರ್ಥಹಳ್ಳಿಯ ಕಾಲೇಜಿಗೆ ಹೋಗುತ್ತಿದ್ದಳು. ಮೊದಲ ಎರಡು ಸಲ ಕಾಲೇಜಿನಲ್ಲಿ ಭೇಟಿಯಾದಾಗ ನನ್ನ ಚಪ್ಪಲಿಯನ್ನೇ ನೋಡುತ್ತಾ ಕೂತಳು. ಮೂರನೆಯ ಸಲ ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ ಮಾತು ಶುರುವಾಯಿತು. ಫೋನಿನ ಗಾಜು ಒಡೆದಿತ್ತು, ಅಮ್ಮನಿಗೆ ಹೇಳಲು ಹೆದರಿಕೆ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ರಿಪೇರಿ ಮಾಡಿಸಿಕೊಟ್ಟ. ಸ್ಟ್ಯಾಂಡಿಗೆ ಬರುವ ಚೀಲ, ಪೊಟ್ಟಣಗಳನ್ನು ಇಳಿಸಿಕೊಂಡು ಅವರವರಿಗೆ ಮುಟ್ಟಿಸುವುದು ಅವನ ಕಸುಬು. ಎಲ್ಲರೂ ಅವನನ್ನು 'ಪಾರ್ಸೆಲ್' ಎಂದೇ ಕರೆಯುತ್ತಿದ್ದರು. ಒಂದು ವಾರದ ಮೇಲೆ ಅವಳಿಗೆ ಹೇಳಿದ, ಸಂಜೆ ರಿಪ್ಪನ್‌ಪೇಟೆಯಲ್ಲಿ ನಮ್ಮ ಹುಡುಗ ಒಂದು ಚೀಲ ಕೊಡ್ತಾನೆ, ಬೆಳಿಗ್ಗೆ ಬರುವಾಗ ನಂಗೆ ಕೊಟ್ಬಿಡು.

"ಬರೀ ಕೊಟ್ಬಿಡೋದು ಅಕ್ಕಾ. ಎಲ್ರೂ ಕೊಡ್ತಾರಲ್ಲ" ಎಂದಳು.

ಅವಳನ್ನು ಒಂದು ವಾಟ್ಸಾಪ್ ಗುಂಪಿಗೂ ಸೇರಿಸಿದ್ದರು. ಗುಂಪಿನ ಹೆಸರು 'ನಮ್ಮೋರು'. ಒಂದು ದಿನ ಚೀಲ ಬಿಚ್ಚಿ ನೋಡಿ, ಇನ್ನು ತರುವುದಿಲ್ಲ ಎಂದಾಗ ಪಾರ್ಸೆಲ್ ಒಂದು ವಿಡಿಯೋ ತೋರಿಸಿದ. ಅದರಲ್ಲಿ ಚೀಲ ಕೊಡುತ್ತಿದ್ದವಳು ಅವಳು. "ನಿನ್ ಮುಖ ಇದೆ. ನಂದು ಎಲ್ಲಿದೆ ಹೇಳು?" ಆಮೇಲೆ ನಗುತ್ತಲೇ, "ನಿಮ್ಮಮ್ಮ ಇಸ್ಕೂಲಲ್ಲಿ ಸಾರು ಮಾಡ್ತಾರಲ್ಲ. ಆ ಸಾರಿಗೆ ಯಾರಾದ್ರೂ ಎರಡು ಮಾತ್ರೆ ಹಾಕಿದ್ರೆ ಜೈಲಿಗೆ ಹೋಗೋದು ಯಾರು?" ಎಂದಿದ್ದನಂತೆ.

ನಾನು ಇದನ್ನು ತೆಗೆದುಕೊಂಡು ಹೋದದ್ದು ಶಾರದಮ್ಮನವರ ಹತ್ತಿರ. ತೀರ್ಥಹಳ್ಳಿ ಠಾಣೆಯಲ್ಲಿ ಮಕ್ಕಳ ವಿಷಯ ನೋಡಿಕೊಳ್ಳುವ ಎಎಸ್‌ಐ ಅವರು. ಐವತ್ತು ದಾಟಿದ, ಮಂಡಿನೋವಿನ, ಬಾಯಿ ಜೋರಿನ ಹೆಂಗಸು. ಎಲ್ಲ ಕೇಳಿ, "ಈಗಲೇ ಹೋಗಿ ಆ ಮುಂಡೇದನ್ನ ಎಳ್ಕೊಂಡು ಬರಬಹುದು" ಎಂದರು. "ಆದ್ರೆ ಹುಡುಗಿ ಬ್ಯಾಗ್ ಸಮೇತ ಸಿಕ್ಕಿಬಿದ್ರೆ ಅವಳ ಹೆಸ್ರೂ ಆರೋಪಿಗಳ ಸಾಲಿಗೆ ಹೋಗ್ತದೆ. ಮೊದಲು ಸಮಿತಿ ಮುಂದೆ ಇವಳು ರಕ್ಷಣೆ ಬೇಕಾದ ಮಗು ಅಂತ ಕಾಗದದ ಮೇಲೆ ಬರ್ಲಿ. ಆಮೇಲೆ ನಂದು."

ಮಕ್ಕಳ ಕಲ್ಯಾಣ ಸಮಿತಿ ಕೂರುವುದು ಜಿಲ್ಲಾ ಕೇಂದ್ರದಲ್ಲಿ. ಬುಧವಾರ ಬೆಳಿಗ್ಗೆ ಶಾರದಮ್ಮ ಬೇರೊಂದು ಕೆಲಸಕ್ಕೆ ಅಲ್ಲಿಗೆ ಹೋಗುವವರಿದ್ದರು. ಮಂಗಳವಾರ ಮಧ್ಯಾಹ್ನದೊಳಗೆ ನಾನು ವರದಿಯನ್ನು ಬರೆದು, ಸಹಿ ಹಾಕಿ, ಅವರಿಗೆ ಮುಟ್ಟಿಸಬೇಕಿತ್ತು. ಮೂರು ಗಂಟೆಗೆ ನನಗೆ ಹೊಸನಗರದ ಹತ್ತಿರ ಒಂದು ಪಂಚಾಯಿತಿಯಲ್ಲಿ ಸಭೆ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬಹುದಿತ್ತು. ಆದರೆ ಮಗುವಿನ ಗುರುತನ್ನು ವಾಟ್ಸಾಪಿನಲ್ಲಿ ಹಾಕಬಾರದು ಎಂದು ನಮಗೆ ತರಬೇತಿಯಲ್ಲಿ ಹತ್ತು ಸಲ ಹೇಳಿದ್ದರು. ಆ ನಿಯಮವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಕವರಿಗೆ ಗೋಂದು ಹಚ್ಚಿ, ಮೇಲೆ ಒಂದು ಪಿನ್ ಹೊಡೆದು, ಬಸ್ಸಿಗೆ ಕೊಟ್ಟೆ.

ಬಸ್ಸಿನಲ್ಲಿ ಚೀಲಗಳು ಹೇಗೆ ಓಡಾಡುತ್ತವೆ, ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಯಾರು ಇಳಿಸಿಕೊಳ್ಳುತ್ತಾನೆ ಎಂಬುದೆಲ್ಲ ಆ ಕವರಿನ ಎರಡನೆಯ ಪುಟದಲ್ಲೇ ಇತ್ತು. ಬರೆದವಳು ನಾನೇ.

ನಾಲ್ಕು ಗಂಟೆಗೆ ಬಸ್ಸು ತೀರ್ಥಹಳ್ಳಿ ಸೇರಿದಾಗ ಶಾರದಮ್ಮ ಬಂದಿರಲಿಲ್ಲ. ರಸ್ತೆಯಲ್ಲಿ ಒಂದು ಲಾರಿ ಅಡ್ಡ ಬಿದ್ದಿತ್ತು, ಅಲ್ಲಿ ಸಿಕ್ಕಿಕೊಂಡಿದ್ದರು. ಕಂಡಕ್ಟರ್ ದಿನಾ ಮಾಡುವ ಹಾಗೆ ಚೀಲ, ಡಬ್ಬಿ, ಕವರು ಎಲ್ಲವನ್ನೂ ಪಾರ್ಸೆಲ್‌ನ ಕೈಗೆ ಇಳಿಸಿ ಚಹಾ ಕುಡಿಯಲು ಹೋದ. ಶಾರದಮ್ಮ ಅರ್ಧ ಗಂಟೆ ತಡವಾಗಿ ಬಂದಾಗ ಪಾರ್ಸೆಲ್ ತಾನೇ ಎದ್ದುಬಂದು ಕವರು ಕೊಟ್ಟನಂತೆ. "ತಗೊಳ್ಳಿ ಮೇಡಂ, ಜೋಪಾನವಾಗಿ ಇಟ್ಟಿದ್ದೆ." ಅವರು ಠಾಣೆಗೆ ಹೋಗಿ ಬಿಚ್ಚುವಾಗ ಕವರನ್ನು ಬೆಳಕಿಗೆ ಹಿಡಿದರು.

ಪಂಚಾಯಿತಿ ಸಭೆಯಲ್ಲಿ ನನ್ನ ಫೋನು ಮೂಕವಾಗಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಎತ್ತಿದೆ.

"ನೀವು ಪಿನ್ ಎಷ್ಟು ಹೊಡೆದಿದ್ರಿ?" ನಮಸ್ಕಾರ ಇಲ್ಲ, ಏನಿಲ್ಲ.

"ಒಂದು."

"ಇಲ್ಲಿ ಎರಡಿದಾವೆ" ಎಂದರು.

ಪಾರ್ಸೆಲ್ ಅಷ್ಟರಲ್ಲಿ ಸ್ಟ್ಯಾಂಡಿನಲ್ಲಿ ಇರಲಿಲ್ಲ. ಚೈತ್ರ ನಾಲ್ಕೂಮುಕ್ಕಾಲರ ಬಸ್ಸು ಹತ್ತಿ ಆಗಿತ್ತು. ಮಧ್ಯಾಹ್ನ ನನ್ನ ಕವರು ತಂದ ಬಸ್ಸೇ ಅದು. ಈಗ ಕೋಣಂದೂರು, ರಿಪ್ಪನ್‌ಪೇಟೆ ಮೇಲೆ ಸಾಗರಕ್ಕೆ ಹೊರಟಿತ್ತು. ಅವಳನ್ನು ಅರ್ಧದಾರಿಯಲ್ಲಿ ಇಳಿಸಿಬಿಡಿ ಎಂದೆ. ಶಾರದಮ್ಮ ಗದರಿದರು. "ಇಳಿಸಿದ್ರೆ ಒಬ್ಳೇ ಆಗ್ತಾಳೆ. ಎಲ್ಲಾ ಸ್ಟಾಪಲ್ಲೂ ಅವರ ಹುಡುಗ್ರು ಇದಾರೆ. ಬಸ್ಸಲ್ಲಿ ಐವತ್ತು ಜನ ಇದಾರೆ, ಬಸ್ಸೇ ವಾಸಿ. ನಾನು ಕಂಡಕ್ಟರಿಗೆ ಫೋನ್ ಮಾಡ್ತೀನಿ, ಸಾಗರದವರೆಗೆ ಇಳಿಸಬೇಡ ಅಂತ. ಸಾಗರದಲ್ಲಿ ನಮ್ಮವರು ನಿಂತಿರ್ತಾರೆ. ನೀವು ರಿಪ್ಪನ್‌ಪೇಟೇಲಿ ಹತ್ತಿ, ಅವಳ ಪಕ್ಕ ಕೂತ್ಕೊಳ್ಳಿ. ಅಳಬೇಡಿ. ಅಳೋಕೆ ಆಮೇಲೆ ಟೈಮ್ ಇದೆ."

ಹೊಸನಗರದಿಂದ ರಿಪ್ಪನ್‌ಪೇಟೆಯವರೆಗೆ ಸ್ಕೂಟರು ಓಡಿಸಿದ್ದು ನೆನಪಿಲ್ಲ. ಚಳಿ ಆಗಷ್ಟೇ ಶುರುವಾಗಿತ್ತು, ಬೆರಳು ಮರಗಟ್ಟಿದ್ದವು. ಸರ್ಕಲಿನಲ್ಲಿ ಬೇಕರಿಯ ಮುಂದೆ ಎರಡು ಬೈಕು ನಿಂತಿದ್ದವು. ಅವುಗಳ ಮೇಲೆ ಕೂತವರು ಬಸ್ಸು ಬರುವ ಕಡೆ ನೋಡುತ್ತಿದ್ದರು. ಆರು ಗಂಟೆಗೆ ಬಸ್ಸು ಬಂತು. ಕಂಡಕ್ಟರನ ಮುಖ ಸುಣ್ಣದ ಹಾಗಿತ್ತು. ನನ್ನ ತೋಳು ಹಿಡಿದು ಒಳಕ್ಕೆಳೆದುಕೊಂಡು, "ಮೂರನೇ ಸೀಟು. ಅವಳಿಗೆ ಏನೂ ಹೇಳಿಲ್ಲ" ಎಂದು ಪಿಸುಗುಟ್ಟಿದ. ಆಮೇಲೆ ಬಾಗಿಲಿಗೆ ಅಡ್ಡ ನಿಂತು, "ಜಾಗ ಇಲ್ಲ, ಹಿಂದಿನ ಬಸ್ಸಿಗೆ ಬನ್ನಿ" ಎಂದು ಕೂಗಿದ. ಬೈಕಿನಿಂದ ಇಳಿದ ಒಬ್ಬ ಅವನ ಕೈ ಕೆಳಗಿನಿಂದ ನುಸುಳಿ ಹತ್ತಿಯೇಬಿಟ್ಟ.

ಚೈತ್ರ ಇಳಿಯಲು ಎದ್ದಿದ್ದಳು. ನಾನು ಅವಳ ಭುಜ ಒತ್ತಿ ಕೂರಿಸಿದೆ. "ಅಕ್ಕಾ? ಎಂತಕ್ಕೆ?" ಎಂದಳು. ಆಮೇಲೆ ಹಿಂದೆ ನಿಂತವನನ್ನು ನೋಡಿದಳು. ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಬಸ್ಸು ಹೊರಟಿತು.

ಅವನು ನಮ್ಮ ಸೀಟಿನ ಕಂಬಿ ಹಿಡಿದು ನಿಂತ. ಮೀಸೆ ಇನ್ನೂ ಸರಿಯಾಗಿ ಮೂಡದ ಮುಖ, ಅಗಲದ ಕೈಗಡಿಯಾರ. ಬಸ್ಸಿನಲ್ಲಿ ಜನ ಅಡಿಕೆ ರೇಟು, ಮದುವೆ ಊಟ ಅಂತ ಮಾತಾಡುತ್ತಲೇ ಇದ್ದರು. ಹತ್ತು ನಿಮಿಷದ ಮೇಲೆ ಅವನು ಬಗ್ಗಿ, ಗೌರವದಿಂದ ಮಾತಾಡುವವನ ಹಾಗೆ, ನನ್ನ ಕಿವಿಯ ಹತ್ತಿರ ಹೇಳಿದ:

"ನಿಮ್ಮ ಅಕ್ಷರ ಬಹಳ ಚೆನ್ನಾಗಿದೆ ಅಕ್ಕಾ. ಮುತ್ತು ಪೋಣಿಸಿದ ಹಾಗೆ."

ಚೈತ್ರ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ. ನಾನು ಅರ್ಥವಾಗದವಳ ಹಾಗೆ ಕಿಟಕಿಯ ಕಡೆ ತಿರುಗಿದೆ. ಇಂದಿಗೂ ಯಾರಾದರೂ ನನ್ನ ಅಕ್ಷರ ಹೊಗಳಿದರೆ ಆ ಕಾಗದವನ್ನು ಮಗುಚಿ ಇಟ್ಟುಬಿಡುತ್ತೇನೆ.

ಆನಂದಪುರದಲ್ಲಿ ಬಸ್ಸು ಜಾಸ್ತಿ ಹೊತ್ತು ನಿಂತಿತು. ಕಂಡಕ್ಟರ್ ಅವನಿಗೆ ಟಿಕೆಟ್ ಕೇಳಿದ. "ಇಳೀತೀನಿ ಬಿಡೋ" ಎಂದು ಅವನು ಬಾಗಿಲ ಕಡೆ ಹೋಗಿ, ಇಳಿಯುವ ಮುಂಚೆ ತಿರುಗಿ ಚೈತ್ರಳಿಗೆ, "ಅಮ್ಮನ್ನ ಕೇಳ್ದೆ ಅಂತ ಹೇಳು" ಎಂದ. ಸಾಗರದ ಸ್ಟ್ಯಾಂಡಿನಲ್ಲಿ ಇಬ್ಬರು ಮಹಿಳಾ ಪೇದೆಗಳು ಕಾದಿದ್ದರು. ಚೈತ್ರಳ ಬ್ಯಾಗಿನಲ್ಲಿ ಅಕೌಂಟೆನ್ಸಿ ನೋಟ್ಸು, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು ಪೊಟ್ಟಣ ಇತ್ತು, ಬೇರೆ ಏನೂ ಇರಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಯಾರು ಹೇಳಿದ್ದು ಅವರಿಗೆ?" ನಾನು, "ಗೊತ್ತಿಲ್ಲ, ವಿಚಾರಿಸ್ತಿದಾರೆ" ಎಂದೆ.

ಆ ಸಂಜೆಯೇ ಸಮಿತಿಯ ಅಧ್ಯಕ್ಷೆ ಫೋನಿನಲ್ಲೇ ಆದೇಶ ಕೊಟ್ಟರು. ಕಾರ್ಗಲ್ಲಿನಲ್ಲಿ ಪದ್ಮಾವತಿ ಟೀಚರ್ ಎಂಬ ನಿವೃತ್ತ ಶಿಕ್ಷಕಿ ಇದ್ದರು. ತೊಂದರೆಯಲ್ಲಿರುವ ಮಕ್ಕಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಸಮಿತಿ ಒಪ್ಪಿದವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಜೈನರು. ಗಂಡ ವಿದ್ಯುತ್ ಯೋಜನೆಯಲ್ಲಿದ್ದು ತೀರಿಕೊಂಡಿದ್ದರು. ಜೀಪಿನಿಂದ ಇಳಿದ ನಮ್ಮನ್ನು ನೋಡಿ, "ಊಟ ನಂದು ಸೂರ್ಯ ಮುಳುಗೋಕೆ ಮುಂಚೆನೇ ಆಯ್ತು. ನಿಮಗೆ ಅಂತ ಅನ್ನ ಬಿಸಿ ಇಟ್ಟಿದೀನಿ. ನಾಳೆಯಿಂದ ನನ್ ಟೈಮಿಗೆ ಉಣ್ಣಬೇಕು ಮತ್ತೆ" ಎಂದರು. ಯಾರು, ಏನು ಎಂದು ಒಂದು ಮಾತು ಕೇಳಲಿಲ್ಲ. ಶಾರದಮ್ಮ ನನಗೂ ಹತ್ತು ದಿನ ಅಲ್ಲೇ ಇರಲು ಹೇಳಿದರು. ಬಸ್ಸಿಗೆ ಕೊಟ್ಟ ಆ ವರದಿಯಲ್ಲಿ ನನ್ನ ಹೆಸರೂ ಇತ್ತು. ಆಮೇಲೂ ಪ್ರತಿ ಶನಿವಾರ ಹೋಗಿ ಎರಡು ದಿನ ಇರುತ್ತಿದ್ದೆ.

ಕಾರ್ಗಲ್ಲಿನ ಆ ಡಿಸೆಂಬರ್ ನನಗೆ ನೆನಪಿರುವುದು ಶಬ್ದಗಳಲ್ಲಿ. ಸಾಲು ಸಾಲು ಕ್ವಾರ್ಟರ್ಸುಗಳು, ಎಷ್ಟೋ ಖಾಲಿ. ಮುಂಜಾನೆ ಮಂಜಿನಲ್ಲಿ ಪಾಳಿಯ ಜೀಪು ನೌಕರರನ್ನು ಹತ್ತಿಸಿಕೊಳ್ಳಲು ಬರುತ್ತಿತ್ತು. ಅದು ತಿರುವಿನಲ್ಲಿ ಗೇರು ಬದಲಾಯಿಸಿದ ಕೂಡಲೇ ಚೈತ್ರ ಎದ್ದು ಕೂರುತ್ತಿದ್ದಳು. ಬ್ಯಾಗು ಈಗಲೂ ಅವಳ ತಲೆಯ ಕೆಳಗೇ. ಅದರ ಪಟ್ಟಿಯನ್ನು ಮುಂಗೈಗೆ ಮೂರು ಸುತ್ತು ಸುತ್ತಿಕೊಂಡು ಮಲಗುತ್ತಿದ್ದಳು, ಬೆಳಿಗ್ಗೆ ಕೈಮೇಲೆ ಕೆಂಪು ಬರೆ. ಮಲಗುತ್ತಿದ್ದಳು ಎಂದೆ, ಅದು ಸುಳ್ಳು. ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದಳು. ಪಕ್ಕದ ಚಾಪೆಯಲ್ಲಿ ನಾನೂ ಹಾಗೇ.

ಊರಿನಲ್ಲಿ ಗಿರಿಜಕ್ಕನ ಶಾಲೆಗೆ ಇಬ್ಬರು ಹುಡುಗರು ಬಂದು ಕುಡಿಯುವ ನೀರು ಕೇಳಿದರಂತೆ. ಕುಡಿದು, ಲೋಟ ತೊಳೆದಿಟ್ಟು, "ಮಗಳು ಈಗ ಎಲ್ಲಿ ಓದ್ತಾಳೆ?" ಎಂದರಂತೆ. ಮರುದಿನದಿಂದ ಹೆಡ್‌ಮಾಸ್ತರರು ಅಡುಗೆಮನೆಗೆ ಬೀಗ ಹಾಕಿ ಕೀಲಿ ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ಮಕ್ಕಳಿಗೆ ಬಡಿಸುವುದಕ್ಕೆ ಅರ್ಧ ಗಂಟೆ ಮೊದಲೇ ತಾವು ಸಾರು ಉಣ್ಣತೊಡಗಿದರು. "ಸತ್ರೆ ನಾನೊಬ್ನೇ ಸಾಯ್ತೀನಿ, ಪೆನ್ಷನ್ನಿಗೂ ಹತ್ರ ಬಂದಿದೀನಿ" ಎಂದು ನಗುತ್ತಿದ್ದರು. ಶಾರದಮ್ಮ ಆ ಭಾಗದ ಠಾಣೆಗೆ ಹೇಳಿ ಅಡುಗೆಮನೆಯ ಮೊಳೆಗೆ ಒಂದು ಬೀಟ್ ಪುಸ್ತಕ ನೇತುಹಾಕಿಸಿದರು. ಪೇದೆ ದಿನಕ್ಕೆರಡು ಸಲ ಬಂದು ಅದರಲ್ಲಿ ಸಹಿ ಮಾಡಲೇಬೇಕು. ಶಾಲೆಯಿಂದ ಮನೆಯವರೆಗೆ ಪಂಚಾಯಿತಿಯ ಹೆಣ್ಣು ಸದಸ್ಯೆಯರು ಗಿರಿಜಕ್ಕನ ಜೊತೆ ಸರದಿಯ ಮೇಲೆ ನಡೆದರು. ಕಾಲೇಜಿನ ಉಪನ್ಯಾಸಕಿಯೊಬ್ಬರು ಪಾಠದ ಟಿಪ್ಪಣಿಗಳನ್ನು ಶಾರದಮ್ಮನ ಕೈಗೆ ಕೊಡುತ್ತಿದ್ದರು. ಅವನ್ನು ನನಗೆ ದಾಟಿಸುವಾಗ ಪ್ರತಿ ಸಲ ಅದೇ ಮಾತು: "ತಗೊಳ್ಳಿ. ಬಸ್ಸಿಗೆ ಕೊಡಬೇಡಿ ಮತ್ತೆ."

ಸಮಿತಿಯ ಮುಂದೆ ನಾನು ಹಾಜರಾದ ದಿನ ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದರು. "ಇದನ್ನ ಬಸ್ಸಿಗೆ ಕೊಟ್ಟೋರು ಯಾರು?" ಶಾರದಮ್ಮ ಬಾಯಿ ತೆರೆದರು, "ಟೈಮಿರ್ಲಿಲ್ಲ ಮೇಡಂ, ನಾನೇ ಅಂದಿದ್ದೆ..." ನಾನು, "ಅವರಲ್ಲ, ನಾನು" ಎಂದೆ. ಒಬ್ಬ ಸದಸ್ಯರು ಮೆಲ್ಲಗೆ, "ನಾನು ಬೆಳಿಗ್ಗೆ ಮೊಮ್ಮಗಳ ಇನ್‌ಹೇಲರನ್ನ ಬಸ್ಸಿಗೆ ಕೊಟ್ಟೇ ಇಲ್ಲಿಗೆ ಬಂದೆ" ಎಂದರು. ಅಧ್ಯಕ್ಷೆ, "ಹುಡುಗಿಗೆ ಹೇಳಿದೀರಾ?" ಎಂದು ಕೇಳಿದರು. ಇಲ್ಲವೆಂದೆ. "ಹೇಳಬೇಕು. ನಾವು ಆದೇಶ ಮಾಡೋ ವಿಷಯ ಅಲ್ಲ ಅದು" ಎಂದು ಮುಂದಿನ ಫೈಲಿಗೆ ಹೋದರು.

ಹೇಳಲಿಲ್ಲ. ಇನ್ನೂ ಸಣ್ಣವಳು, ಈಗಲೇ ಬೇಡ, ಅವರು ಸಿಕ್ಕ ಮೇಲೆ ಹೇಳೋಣ ಎಂದು ನನಗೆ ನಾನೇ ಸಬೂಬು ಕೊಟ್ಟುಕೊಂಡೆ.

ಡಿಸೆಂಬರಿನ ಕೊನೆಗೆ ಅವರು ಸಿಕ್ಕರು. ಪಾರ್ಸೆಲ್, ಅವನ ಮೇಲಿನ ಇಬ್ಬರು, ಮತ್ತು ಬಸ್ಸಿನಲ್ಲಿ ನನ್ನ ಅಕ್ಷರ ಹೊಗಳಿದವನು. ಗುರುತು ಹಿಡಿಯಲು ಶಾರದಮ್ಮ ಅವನ ಫೋಟೋ ತೋರಿಸಿ ಹೆಸರು ಹೇಳಿದರು. ಹದಿನೇಳು ವರ್ಷ, ಕೋಣಂದೂರಿನ ಕಡೆಯವನು, ಒಂಬತ್ತನೆ ತರಗತಿಗೆ ಶಾಲೆ ಬಿಟ್ಟವನು. ಹೆಸರು ಎಲ್ಲೋ ಕೇಳಿದ ಹಾಗಿತ್ತು. ಮನೆಗೆ ಬಂದು ಎರಡು ವರ್ಷದ ಹಿಂದಿನ ನನ್ನ ಪಟ್ಟಿ ತೆಗೆದೆ. ಶಾಲೆ ಬಿಟ್ಟವರಲ್ಲಿ ಹನ್ನೊಂದನೆಯ ಹೆಸರು. ಅದರ ಮುಂದೆ ಮುತ್ತು ಪೋಣಿಸಿದ ಹಾಗೆ ನಾನು ಬರೆದಿದ್ದೆ: 'ಮನೆ ಭೇಟಿ ಬಾಕಿ.'

ಬಂಧನದ ಸುದ್ದಿ ಕೇಳಿದರೂ ಚೈತ್ರಳ ನಿದ್ದೆ ವಾಪಸಾಗಲಿಲ್ಲ. ವಾರಕ್ಕೊಮ್ಮೆ ತಾಯಿಯ ಜೊತೆ ಫೋನಿನಲ್ಲಿ ಮಾತಾಡಬಹುದಿತ್ತು. ಎರಡು ವಾರ ತಲೆನೋವೆಂದು ಮಾತಾಡಲಿಲ್ಲ. ಮೂರನೆಯ ವಾರ ಫೋನನ್ನು ಟೀಚರ್ ಕೈಗೆ ಕೊಟ್ಟು ಎದ್ದು ಹೋದಳು. ಆ ಕಡೆ ಗಿರಿಜಕ್ಕ, "ಅವಳಿಗೆ ನನ್ಮೇಲೆ ಎಂತ ಸಿಟ್ಟು ಮೇಡಂ?" ಎಂದು ಅಳುತ್ತಿದ್ದರು.

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಅವಳ ಅಕೌಂಟೆನ್ಸಿ ನೋಟ್ಸನ್ನು ಜೋಡಿಸುತ್ತಿದ್ದಾಗ ಕೊನೆಯ ಪುಟ ಕಣ್ಣಿಗೆ ಬಿತ್ತು. ಹೆಸರುಗಳ ಪಟ್ಟಿ. ಮೇಲೆ 'ನಾನು ಯಾರಿಗೆ ಹೇಳಿದೆ?' ಎಂದಿತ್ತು. ಕೆಳಗೆ ಬಸ್ಸಿನ ಒಬ್ಬ ಗೆಳತಿ, ಕ್ಲಾಸಿನ ಇಬ್ಬರು, ಉಪನ್ಯಾಸಕಿ. ಒಂದೊಂದನ್ನೂ ಹೊಡೆದು ಹಾಕಿದ್ದಳು. ಹೊಡೆಯದೆ ಉಳಿದದ್ದು ಒಂದೇ, ಅದರ ಸುತ್ತ ಕಾಗದ ಹರಿಯುವಷ್ಟು ಸಲ ಪೆನ್ನು ತಿರುಗಿತ್ತು. 'ಅಮ್ಮ.' ನನ್ನ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಅವಳು ಹಿತ್ತಿಲಿನಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ಅಲ್ಲಿಗೆ ಹೋಗಿ ನಿಂತುಕೊಂಡೇ ಹೇಳಿದೆ. ಕವರು, ಎರಡು ಗಂಟೆ ಹತ್ತು ನಿಮಿಷ, ಒಂದು ಪಿನ್ನು, ಎರಡು ಪಿನ್ನು, ಎಲ್ಲ. ಅವಳು ಕೈಯಲ್ಲಿದ್ದ ಒದ್ದೆ ದುಪಟ್ಟಾವನ್ನು ಹಿಂಡುತ್ತಾ ಕೇಳಿಸಿಕೊಂಡಳು. ಹಿಂಡಲು ಅದರಲ್ಲಿ ನೀರು ಉಳಿದಿರಲಿಲ್ಲ.

"ಬಸ್ಸಿಗಾ?" ಎಂದಳು.

"ಹೌದು."

"ನೀವೂ ಕೊಟ್ಬಿಟ್ರಾ?"

ಅವಳು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಟೀಚರ್ ಐದೂವರೆಗೆ ಬಾಗಿಲು ತಟ್ಟಿ, "ಸೂರ್ಯ ನಿನಗೋಸ್ಕರ ಕಾಯಲ್ಲ ಕಣೇ, ಉಣ್ಣು ಬಾ" ಎಂದರು. ಬರಲಿಲ್ಲ. ನಾನು ಜಗಲಿಯಲ್ಲಿ ನನ್ನ ಚೀಲ ತುಂಬಿಕೊಂಡು ಕೂತೆ, ಇನ್ನು ಇಲ್ಲಿಗೆ ಬರುವ ಮುಖವಿಲ್ಲ ಎಂದು. ಬೆಳಕು ಪೂರ್ತಿ ಆರುವ ಮುಂಚೆ ಅಗುಳಿ ತೆಗೆದ ಸದ್ದಾಯಿತು. ಚೈತ್ರ ನನ್ನನ್ನು ದಾಟಿ ಟೀಚರ್ ಹತ್ತಿರ ಹೋಗಿ ಫೋನು ಕೇಳಿದಳು.

"ಅಮ್ಮಾ" ಎಂದಳು. "ಅಮ್ಮಾ, ನೀನಲ್ಲ. ನೀನಲ್ಲ ಅಂತೆ."

ಆ ಕಡೆ ಗಿರಿಜಕ್ಕ ಏನೆಂದರೋ. ಇವಳು ಅಳುತ್ತಾ, ನಡುವೆ ಒಮ್ಮೆ ನಕ್ಕು, "ಹೆಡ್‌ಮಾಸ್ಟ್ರು ಇನ್ನೂ ಸಾರು ಉಣ್ತಾರಾ ಮೊದ್ಲು?" ಎಂದು ಕೇಳಿದಳು. ಫೋನು ಇಟ್ಟ ಮೇಲೆ ತಟ್ಟೆಯಲ್ಲಿ ಮುಚ್ಚಿಟ್ಟಿದ್ದ ಅನ್ನವನ್ನು ಅಡುಗೆಮನೆಯ ನೆಲದ ಮೇಲೆ ಕೂತು ಉಂಡಳು. ಸೂರ್ಯ ಮುಳುಗಿ ಒಂದು ಗಂಟೆಯಾಗಿತ್ತು. ಟೀಚರ್ ಕಂಡೂ ಕಾಣದವರ ಹಾಗೆ ಇದ್ದರು. ನನ್ನ ಹತ್ತಿರ ಅವಳು ಮಾತಾಡಲಿಲ್ಲ. ಆದರೆ ನಾನು ತುಂಬಿಟ್ಟಿದ್ದ ಚೀಲವನ್ನು ಜಗಲಿಯಿಂದ ಎತ್ತಿ ಒಳಗೆ ತಂದಿಟ್ಟಳು.

ಮರುದಿನ ನನಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಚಾಪೆಯ ಅರ್ಧಕ್ಕೆ ಬಂದಿತ್ತು. ಪಾಳಿಯ ಜೀಪು ಬಂದು ಹೋಗಿ ಎಷ್ಟು ಹೊತ್ತಾಗಿತ್ತೋ, ನನಗೆ ಕೇಳಿಸಿರಲಿಲ್ಲ. ಅವಳಿಗೂ ಕೇಳಿಸಿರಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು, ಗೋಡೆಯ ಕಡೆ ತಿರುಗಿ, ಚಿಕ್ಕ ಮಕ್ಕಳು ಮಲಗುವ ಹಾಗೆ ಮಲಗಿದ್ದಳು. ಟೀಚರ್ ಮಿಂದು, ಬಿಳಿ ಸೀರೆಯುಟ್ಟು, ಪೂಜೆಯ ಗಂಟೆ ಸದ್ದಾಗದಂತೆ ಅದರ ನಾಲಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಏಳಲು ಹೋದಾಗ ಇನ್ನೊಂದು ಕೈಯಿಂದ ತಡೆದರು.

"ಸ್ವಾಮಿಗೆ ಒಂದಿನ ತಡ ಆದ್ರೆ ನಡೀತದೆ" ಎಂದು ಪಿಸುಗುಟ್ಟಿದರು. "ಅವಳು ಮಲಗಲಿ."

ಅವಳ ಬ್ಯಾಗು ಬಾಗಿಲ ಪಕ್ಕ, ನನ್ನ ಚೀಲಕ್ಕೆ ಒರಗಿಕೊಂಡು ನೆಲದ ಮೇಲಿತ್ತು.